ಕಲ್ಲು ಹುಡಿಯಾಗುವ ಬಗೆ

ಮಳೆಗಾಲವು ಹಿಂದೆ ಸರಿದು, ಕೊಡಗಿನ ಕಾಫಿ ತೋಟಗಳ ನೆಲವು ಕಾಲಿಟ್ಟರೆ ಜಾರದಷ್ಟು ಒಣಗುವ ವೇಳೆಗೆ, ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಗೊಬ್ಬರದ ಅಂಗಡಿಗಳ ಮುಂದೆ ಲಾರಿಗಳಿಂದ ಹುಡಿಯ ಚೀಲಗಳು ಇಳಿಯತೊಡಗುತ್ತವೆ. ಸುಣ್ಣಕಲ್ಲಿನ ಹುಡಿ, ಡೋಲೊಮೈಟಿನ ಹುಡಿ, ಶಿಲಾರಂಜಕದ ಹುಡಿ ಎಂದು ಹೆಸರುಗಳು ಬೇರೆ ಬೇರೆಯಾದರೂ ಇವು ಮೂರೂ ಮೂಲತಃ ಕಲ್ಲುಗಳೇ. ಬೆಳೆಗಾರರು ಇವನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸುಣ್ಣದ ಅಂಶ ನೂರಕ್ಕೆ ಎಷ್ಟೆಂದು ಬಲ್ಲವರು ಕೇಳುವುದೂ ಉಂಟು. ಆದರೆ ಆ ಕಲ್ಲು ಎಷ್ಟು ನುಣ್ಣಗೆ ಅರೆಯಲ್ಪಟ್ಟಿದೆ ಎಂದು ಕೇಳುವವರು ವಿರಳ. ಹಣ ಕೊಟ್ಟು ತಂದ ಹುಡಿಯು ಮಣ್ಣಿನಲ್ಲಿ ಬೆರೆತು ಕೆಲಸ ಮಾಡುವುದೋ, ಅಥವಾ ಸಣ್ಣ ಮರಳಿನಂತೆ ವರ್ಷಗಟ್ಟಲೆ ಹಾಗೆಯೇ ಬಿದ್ದಿರುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಈ ಪ್ರಶ್ನೆಯೇ.

ಕೊಡಗಿನ ಮಣ್ಣು ಸ್ವಭಾವತಃ ಹುಳಿಮಣ್ಣು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಮಣ್ಣಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಮ್ ಅಂಶಗಳನ್ನು ತೊಳೆದು ಕಾವೇರಿಗೆ ಸೇರಿಸುತ್ತದೆ. ಅಮೋನಿಯಾ ಮೂಲದ ರಾಸಾಯನಿಕ ಗೊಬ್ಬರಗಳು ಆ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಕಾಫಿ ಗಿಡಕ್ಕೆ ಮಣ್ಣಿನ ರಸಸಾರವು 6.0ರಿಂದ 6.5ರವರೆಗೆ ಇರುವುದು ಹಿತವೆಂದು ಕಾಫಿ ಮಂಡಳಿಯ ವಿಜ್ಞಾನಿಗಳು ಹೇಳುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ, ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಲ್ಲಿ ನೆಲೆಗೊಂಡ ಅದರ ಉಪಕೇಂದ್ರವೂ ಬೆಳೆಗಾರರಿಗೆ ತಲೆಮಾರುಗಳಿಂದ ಹೇಳುತ್ತ ಬಂದಿರುವುದು ಇದನ್ನೇ: ಮಣ್ಣನ್ನು ಪರೀಕ್ಷೆ ಮಾಡಿಸಿರಿ, ಬೇಕಾದಷ್ಟು ಸುಣ್ಣ ಹಾಕಿರಿ. ಎಲೆಗೆ ತುಕ್ಕುರೋಗ ತಗಲದಂತೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿಯೂ ಮೈಲುತುತ್ತದ ಜೊತೆಗೆ ಇರುವುದು ಸುಣ್ಣವೇ. ಹೀಗಿರುವಾಗ ಇಷ್ಟು ಸುಣ್ಣವನ್ನು ಬೇಡುವ ನಾಡಿನಲ್ಲಿ ಸುಣ್ಣಕಲ್ಲಿನ ಗಣಿಯೊಂದೂ ಇಲ್ಲದಿರುವುದು ಪ್ರಕೃತಿಯ ಒಂದು ವಿನೋದವೆನ್ನಬೇಕು. ಹಿಂದೆ ಕರಾವಳಿಯ ಚಿಪ್ಪುಸುಣ್ಣವು ಘಟ್ಟ ಹತ್ತಿ ಬರುತ್ತಿತ್ತು. ಕಲಾದಗಿ, ಲೋಕಾಪುರಗಳಿಂದ ಕೂಡಿದ ಬಾಗಲಕೋಟೆ ಸೀಮೆಯಲ್ಲಿ ಸುಣ್ಣಕಲ್ಲು ಮತ್ತು ಡೋಲೊಮೈಟು ಧಾರಾಳವಾಗಿವೆ. ಆದರೆ ಕೊಡಗಿಗೆ ರೈಲುಮಾರ್ಗವಿಲ್ಲ. ಹುಡಿಯ ಒಂದೊಂದು ಚೀಲವೂ ಲಾರಿಯ ಬಾಡಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬರಬೇಕು. ಆದುದರಿಂದ ಚೀಲದಲ್ಲಿ ಕೆಲಸಕ್ಕೆ ಬಾರದ ತರಿ ಇದ್ದರೆ, ಬೆಳೆಗಾರನು ಕಲ್ಲಿನ ಬೆಲೆಯನ್ನಷ್ಟೇ ಅಲ್ಲದೆ ಅದರ ಪ್ರಯಾಣದ ವೆಚ್ಚವನ್ನೂ ವ್ಯರ್ಥವಾಗಿ ತೆತ್ತಂತಾಗುತ್ತದೆ.

ನುಣುಪಿಗೂ ಕಲ್ಲಿನ ಗುಣಕ್ಕೂ ಇರುವ ಸಂಬಂಧವನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೇ ಕಣ್ಣಾರೆ ಕಾಣಬಹುದು. ಡೋಲೊಮೈಟಿನ ಒಂದು ತುಂಡಿನ ಮೇಲೆ ನೀರು ಬೆರೆಸಿ ತೆಳುವಾಗಿಸಿದ ತಣ್ಣನೆಯ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಟ್ಟರೆ, ಆ ಕಲ್ಲು ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದೇ ತುಂಡನ್ನು ಚೂರಿಯಿಂದ ಕೆರೆದು, ಉದುರಿದ ಹುಡಿಯ ಮೇಲೆ ಅದೇ ಆಮ್ಲವನ್ನು ಬಿಟ್ಟರೆ ನೊರೆಯೇಳುತ್ತದೆ. ಭೂವಿಜ್ಞಾನಿಗಳು ಬೆಟ್ಟಗುಡ್ಡಗಳಲ್ಲಿ ಡೋಲೊಮೈಟನ್ನು ಗುರುತಿಸುವುದು ಈ ಉಪಾಯದಿಂದಲೇ. ಕಲ್ಲು ಅದೇ, ಆಮ್ಲವೂ ಅದೇ. ಹೆಚ್ಚಾದದ್ದು ಆಮ್ಲಕ್ಕೆ ಒಡ್ಡಿದ ಮೈ ಮಾತ್ರ. ಒಂದು ಸೆಂಟಿಮೀಟರು ಘನವಾದ ಕಲ್ಲಿನ ಹೊರಮೈ 6 ಚದರ ಸೆಂಟಿಮೀಟರು. ಅದನ್ನು ಒಂದೊಂದು ಮಿಲಿಮೀಟರಿನ ಘನಗಳಾಗಿ ಒಡೆದರೆ 1000 ತುಂಡುಗಳಾಗಿ, ಒಟ್ಟು ಮೈ 60 ಚದರ ಸೆಂಟಿಮೀಟರಾಗುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲಿಗೆ, ಅಂದರೆ 10 ಮೈಕ್ರಾನಿಗೆ ಇಳಿಸಿದರೆ ತುಂಡುಗಳು 100 ಕೋಟಿ. ಮೈ 6000 ಚದರ ಸೆಂಟಿಮೀಟರು. ಗೋಲಿಯಷ್ಟಿದ್ದ ಕಲ್ಲು ಒಬ್ಬರು ಕುಳಿತುಕೊಳ್ಳುವ ಚಾಪೆಯಷ್ಟು ಅಗಲವಾಗಿ ಹಾಸಿಕೊಂಡಂತಾಯಿತು. ಮಣ್ಣಿನ ಹುಳಿಯು ಈ ಚಾಪೆಯ ಮೇಲೆ ಕೆಲಸ ಮಾಡುತ್ತದೆ. ಗೋಲಿಯ ಒಳಹೊಟ್ಟೆ ಅದಕ್ಕೆ ಎಟುಕುವುದಿಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಕೃಷಿಸುಣ್ಣಕ್ಕೆ ಬೆಲೆ ಕಟ್ಟುವಾಗ ಬಳಸುವ ಒಂದು ಸುಲಭವಾದ ಲೆಕ್ಕವಿದೆ. ಅಂಗುಲಕ್ಕೆ 60 ಕಣ್ಣಿನ ಜರಡಿಯಲ್ಲಿ, ಅಂದರೆ ಸುಮಾರು ಕಾಲು ಮಿಲಿಮೀಟರಿನ ರಂಧ್ರದಲ್ಲಿ, ಇಳಿದ ಹುಡಿಗೆ ಪೂರ್ಣ ಬೆಲೆ. ಅದರಲ್ಲಿ ಇಳಿಯದೆ 8 ಕಣ್ಣಿನ ಜರಡಿಯಲ್ಲಿ ಇಳಿದದ್ದಕ್ಕೆ ಅರ್ಧ. ಅದರಲ್ಲಿಯೂ ಇಳಿಯದ ತರಿಗೆ ಸೊನ್ನೆ. ಈ ಲೆಕ್ಕವನ್ನು 50 ಕಿಲೋ ಚೀಲಕ್ಕೆ ಅನ್ವಯಿಸಿ ನೋಡಬಹುದು. ಅದರಲ್ಲಿ 20 ಕಿಲೋ ನುಣ್ಣನೆಯ ಹುಡಿ, 20 ಕಿಲೋ ನಡುವಣ ಗಾತ್ರದ್ದು, 10 ಕಿಲೋ ತರಿ ಇದ್ದರೆ ಮಣ್ಣಿಗೆ ದಕ್ಕುವುದು 30 ಕಿಲೋ. ಉಳಿದ 20 ಕಿಲೋ ಲೆಕ್ಕಪುಸ್ತಕದಲ್ಲಿ ಸುಣ್ಣ, ತೋಟದಲ್ಲಿ ಮರಳು. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶವೂ ಶಿಲಾರಂಜಕದ ವಿಷಯದಲ್ಲಿ ಇಂಥದೇ ನಿಯಮವನ್ನು ವಿಧಿಸಿದೆ: ನೂರಕ್ಕೆ 90 ಪಾಲು 0.15 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕು, ಮಿಕ್ಕ 10 ಪಾಲು 0.25 ಮಿಲಿಮೀಟರಿನದರಲ್ಲಿ ಇಳಿಯಲೇಬೇಕು. ಉದಯಪುರದ ಬಳಿಯ ಝಾಮರ್‌ಕೋಟ್ರಾದ ಗಣಿಯಿಂದ ಬರುವ ಶಿಲಾರಂಜಕವನ್ನು ಇತರ ರಂಜಕ ಗೊಬ್ಬರಗಳಂತೆ ಆಮ್ಲದಿಂದ ಸಂಸ್ಕರಿಸದೆ, ಬರಿಯ ಹುಡಿ ಮಾಡಿ ಹುಳಿಮಣ್ಣಿಗೆ ಹಾಕಬಹುದಾದುದು ಈ ನುಣುಪಿನ ಬಲದಿಂದಲೇ. ಅಲ್ಲಿ ಕಾರ್ಖಾನೆಯ ಆಮ್ಲದ ಕೆಲಸವನ್ನು ತೋಟದ ಮಣ್ಣೇ ಮಾಡುತ್ತದೆ.

ಹಾಗಾದರೆ ಕಲ್ಲನ್ನು ಇಷ್ಟು ನುಣ್ಣಗೆ ಮಾಡುವುದು ಹೇಗೆ? ಈ ವಿಷಯದಲ್ಲಿ ಕನ್ನಡ ಭಾಷೆ ಬಡವೇನೂ ಅಲ್ಲ. ಜಜ್ಜುವುದು, ಕುಟ್ಟುವುದು, ಬೀಸುವುದು, ಅರೆಯುವುದು, ರುಬ್ಬುವುದು, ತೇಯುವುದು ಎಂಬ ಕ್ರಿಯಾಪದಗಳನ್ನು ನಮ್ಮ ಅಡುಗೆಮನೆಗಳು ಎಂದಿನಿಂದಲೋ ಬೇರೆ ಬೇರೆಯಾಗಿಯೇ ಇಟ್ಟುಕೊಂಡು ಬಂದಿವೆ. ಶುಂಠಿಯನ್ನು ಜಜ್ಜುತ್ತಾರೆ, ಭತ್ತವನ್ನು ಕುಟ್ಟುತ್ತಾರೆ, ರಾಗಿಯನ್ನು ಬೀಸುತ್ತಾರೆ, ಮಸಾಲೆಯನ್ನು ಅರೆಯುತ್ತಾರೆ, ಗಂಧವನ್ನು ತೇಯುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಮನೆಯ ಹಿರಿಯ ಹೆಂಗಸರು ನಕ್ಕುಬಿಡುತ್ತಾರೆ. ಮಹಾಯಂತ್ರಗಳನ್ನು ಕಟ್ಟಿದ ಪಾಶ್ಚಾತ್ಯ ಇಂಜಿನಿಯರುಗಳು ಒಂದೂವರೆ ಶತಮಾನದ ಅವಧಿಯಲ್ಲಿ ನಡೆದು ಬಂದದ್ದೂ ಸ್ಥೂಲವಾಗಿ ಕುಟ್ಟುವುದರಿಂದ ಅರೆಯುವುದರ ಕಡೆಗೇ.

ಬೀಸುವ ಕಲ್ಲನ್ನು ಮೊದಲು ನೋಡೋಣ. ಕೆಳಗಲ್ಲು ಅಚಲ, ಮೇಲುಗಲ್ಲು ನಡುವಣ ಗೂಟದ ಸುತ್ತ ತಿರುಗುತ್ತದೆ. ಕಾಳು ನಡುವಣ ಬಾಯಿಗೆ ಬೀಳುತ್ತದೆ, ಎರಡು ಕಲ್ಲುಗಳ ಸಂದಿಯಲ್ಲಿ ಅಂಚಿನ ಕಡೆಗೆ ಸರಿಯುತ್ತ ಸರಿಯುತ್ತ ಹಿಟ್ಟಾಗುತ್ತದೆ, ಅಂಚಿನಿಂದ ಹೊರಗೆ ಉದುರುತ್ತದೆ. ನಡುವೆ ಬಿದ್ದದ್ದು ಅಂಚಿಗೆ ಬರಬೇಕೆಂಬ ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಎರಡನೆಯದು ಗಾರೆಯ ಗಾಣ. ವೃತ್ತಾಕಾರದ ಕಾಲುವೆಯೊಂದರಲ್ಲಿ ನಿಂತ ಕಲ್ಲಿನ ಗಾಲಿ. ಅದಕ್ಕೆ ಕಟ್ಟಿದ ಎತ್ತು. ಗಾಲಿಯು ತನ್ನ ಭಾರದಿಂದಲೇ ಸುಣ್ಣ ಮತ್ತು ಮರಳನ್ನು ಒತ್ತಿ ಒತ್ತಿ ಅರೆಯುತ್ತದೆ. ಲಿಂಗರಾಜೇಂದ್ರ ಒಡೆಯನು 1820ರಲ್ಲಿ ಮಡಿಕೇರಿಯಲ್ಲಿ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದ ಕಾಲದಲ್ಲಿ ಸಿಮೆಂಟು ಎಂಬುದು ನಮ್ಮ ನಾಡಿಗೆ ಬಂದಿರಲಿಲ್ಲ. ಕಟ್ಟಡದ ಬಾಳಿಕೆಯು ಗಾರೆಯನ್ನು ಎಷ್ಟು ಅರೆದರು ಎಂಬುದನ್ನು ಅವಲಂಬಿಸಿತ್ತು. ಬೀಸುಕಲ್ಲಿನ ನಡೆಯನ್ನೂ ಗಾರೆಗಾಣದ ಗಾಲಿಯನ್ನೂ ಒಂದುಗೂಡಿಸಿದರೆ ಈ ಲೇಖನದ ಮುಖ್ಯ ವಿಷಯವಾದ ವರ್ಟಿಕಲ್ ಮಿಲ್ಲಿನ ಅರ್ಧ ಚಿತ್ರ ಮನಸ್ಸಿಗೆ ಬಂದಂತೆಯೇ.

ಆದರೆ ಕೈಗಾರಿಕೆಯು ಮೊದಲು ಹಿಡಿದ ದಾರಿ ಕುಟ್ಟುವುದು. ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಅದುರನ್ನು ಹುಡಿ ಮಾಡಿದ್ದು ಸಾಲುಸಾಲಾಗಿ ಎದ್ದು ಬೀಳುವ ಉಕ್ಕಿನ ಒನಕೆಗಳಿಂದ. ಆ ಒನಕೆಗಳ ಸದ್ದು ಇಂದು ಇಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು. ಹಾಗೆ ಹುಡಿಯಾದ ಕಲ್ಲಿನ ರಾಶಿಗಳು ಮಾತ್ರ ಊರಿನ ಅಂಚಿನಲ್ಲಿ ಗುಡ್ಡಗಳಾಗಿ ನಿಂತಿವೆ. ಒನಕೆಗಳ ತರುವಾಯ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂದದ್ದು ಬಾಲ್ ಮಿಲ್ಲು, ಅಂದರೆ ಗುಂಡುಗಳ ಯಂತ್ರ. ಅಡ್ಡಲಾಗಿ ಮಲಗಿದ ಉಕ್ಕಿನ ಮಹಾಪೀಪಾಯಿಯೊಂದರಲ್ಲಿ ಉಕ್ಕಿನ ಗುಂಡುಗಳನ್ನೂ ಕಲ್ಲಿನ ಚೂರುಗಳನ್ನೂ ಒಟ್ಟಿಗೆ ತುಂಬಿ ಉರುಳಿಸುತ್ತಾರೆ. ಗುಂಡುಗಳು ಮೇಲೇರಿ ಮೇಲೇರಿ ಬೀಳುತ್ತವೆ. ನಡುವೆ ಸಿಕ್ಕ ಕಲ್ಲು ಹುಡಿಯಾಗುತ್ತದೆ. ಸರಳವಾದ ಯಂತ್ರ, ಗಟ್ಟಿಯಾದ ಯಂತ್ರ, ಇಂದಿಗೂ ಅನೇಕ ಕಾರ್ಖಾನೆಗಳಲ್ಲಿ ನಂಬಿಕೆಯಿಂದ ದುಡಿಯುತ್ತಿರುವ ಯಂತ್ರ. ಆದರೆ ಅದರ ಹೊಟ್ಟೆ ದೊಡ್ಡದು. ಗುಂಡುಗಳನ್ನು ಎತ್ತುವುದಕ್ಕೆ, ಸದ್ದು ಮಾಡುವುದಕ್ಕೆ, ಶಾಖವನ್ನು ಹುಟ್ಟಿಸುವುದಕ್ಕೆ ವಿದ್ಯುಚ್ಛಕ್ತಿಯ ಬಹುಪಾಲು ಕರಗಿಹೋಗಿ, ಕಲ್ಲನ್ನು ನಿಜವಾಗಿ ಸೀಳುವುದಕ್ಕೆ ನೂರಕ್ಕೆ ಐದು ಪಾಲೂ ಉಳಿಯುವುದಿಲ್ಲವೆಂದು ತಜ್ಞರ ಅಂದಾಜು.

ಇದಕ್ಕೆ ಒಂದು ಮುಖ್ಯ ಕಾರಣವನ್ನು ಸಂಸ್ಕೃತ ಶಾಸ್ತ್ರಕಾರರ ಮಾತಿನಲ್ಲಿ ಸುಲಭವಾಗಿ ಹೇಳಬಹುದು. ಒಮ್ಮೆ ಹೇಳಿದ್ದನ್ನೇ ಮತ್ತೆ ಹೇಳುವ ವಾದಿಯನ್ನು ಅವರು ಪಿಷ್ಟಪೇಷಣದ ದೋಷಕ್ಕೆ ಗುರಿಮಾಡುತ್ತಾರೆ. ಪಿಷ್ಟವೆಂದರೆ ಅರೆದದ್ದು, ಪೇಷಣವೆಂದರೆ ಅರೆಯುವುದು. ಅರೆದ ಹಿಟ್ಟನ್ನೇ ಪುನಃ ಅರೆಯುವುದು. ಗುಂಡುಯಂತ್ರದೊಳಗೆ ಅಕ್ಷರಶಃ ನಡೆಯುವುದು ಇದೇ. ಬೇಕಾದಷ್ಟು ನುಣ್ಣಗಾದ ಹುಡಿಯು ಒಡನೆಯೇ ಹೊರಬೀಳಲಾರದೆ, ಪೀಪಾಯಿಯ ಉದ್ದವನ್ನೆಲ್ಲ ಸಾಗುತ್ತ ಕಾಲು ಗಂಟೆಯೋ 20 ನಿಮಿಷವೋ ಒಳಗೇ ಉಳಿಯುತ್ತದೆ. ಅದರ ಮೇಲೆ ಗುಂಡುಗಳು ಬೀಳುತ್ತಲೇ ಇರುತ್ತವೆ. ಸಾಲದ್ದಕ್ಕೆ ಆ ನುಣ್ಣನೆಯ ಹುಡಿಯು ಮೆತ್ತೆಯಂತೆ ಹರಡಿಕೊಂಡು, ಇನ್ನೂ ಒಡೆಯಬೇಕಾಗಿರುವ ದಪ್ಪ ಚೂರುಗಳನ್ನು ಪೆಟ್ಟಿನಿಂದ ಕಾಪಾಡುತ್ತದೆ. ತರ್ಕದಲ್ಲಿ ಪಿಷ್ಟಪೇಷಣದಿಂದ ಆಗುವ ನಷ್ಟವು ಕೇಳುಗರ ವೇಳೆ. ಇಲ್ಲಿ ಆಗುವುದು ವಿದ್ಯುತ್ತಿನ ಬಿಲ್ಲು.

ವರ್ಟಿಕಲ್ ಮಿಲ್ಲು ಈ ದೋಷವನ್ನು ಪರಿಹರಿಸಲು ಹುಟ್ಟಿದ ಯಂತ್ರವೆಂದರೆ ತಪ್ಪಾಗಲಾರದು. ಗುಂಡುಯಂತ್ರವು ಮಲಗಿ ಉರುಳಿದರೆ ಇದು ಗೋಪುರದಂತೆ ನಿಂತಿರುತ್ತದೆ; ತಿರುಗುವ ಅಚ್ಚು ನೆಟ್ಟಗೆ ನಿಂತಿರುವುದರಿಂದ ಆ ಹೆಸರು. ಲಂಬಯಂತ್ರವೆಂದು ಕನ್ನಡಿಸಬಹುದಾದರೂ ಕಾರ್ಖಾನೆಗಳಲ್ಲಿ ಎಲ್ಲರ ಬಾಯಲ್ಲಿಯೂ ನಿಂತಿರುವುದು ವರ್ಟಿಕಲ್ ಮಿಲ್ಲು. ಗೋಪುರದ ತಳದಲ್ಲಿ ಉಕ್ಕಿನ ಒಂದು ದುಂಡುಮೇಜು ಮೆಲ್ಲಗೆ ತಿರುಗುತ್ತಿರುತ್ತದೆ. ಅದರ ಮೇಲೆ ಎರಡೋ ಮೂರೋ ನಾಲ್ಕೋ ಭಾರಿ ಉರುಳೆಗಳು, ಗಾರೆಗಾಣದ ಗಾಲಿಯಂತೆ. ಗಾರೆಗಾಣದಲ್ಲಿ ಗಾಲಿ ಸುತ್ತುತ್ತದೆ, ನೆಲ ನಿಂತಿರುತ್ತದೆ. ಇಲ್ಲಿ ಉರುಳೆಗಳ ತೋಳು ಇದ್ದಲ್ಲಿಯೇ ಇದ್ದು, ನೆಲವೇ ಅವುಗಳ ಕೆಳಗೆ ಸರಿಯುತ್ತದೆ. ಉರುಳೆಗಳನ್ನು ಒತ್ತುವುದು ಅವುಗಳ ಸ್ವಂತ ಭಾರ ಮಾತ್ರವಲ್ಲ. ಎಣ್ಣೆ ತುಂಬಿದ ಹೈಡ್ರಾಲಿಕ್ ಕೊಳವೆಗಳು ಅವನ್ನು ಮೇಜಿನ ಕಡೆಗೆ ಎಳೆದು ಹಿಡಿದಿರುತ್ತವೆ. ಗಟ್ಟಿಯಾದ ಕಲ್ಲು ಅಡ್ಡ ಬಂದರೆ ಉರುಳೆಯು ತುಸು ಮೇಲೆದ್ದು, ದಾಟಿದ ಕೂಡಲೇ ಮತ್ತೆ ಇಳಿಯುತ್ತದೆ.

ಮೇಲಿನಿಂದ ಬಂದ ಕಲ್ಲಿನ ಚೂರುಗಳು ಮೇಜಿನ ನಡುವೆ ಬೀಳುತ್ತವೆ. ತಿರುಗುವ ವೇಗಕ್ಕೆ ಅವು ಬೀಸುಕಲ್ಲಿನ ಕಾಳಿನಂತೆ ಅಂಚಿನ ಕಡೆಗೆ ಸರಿಯುತ್ತವೆ. ದಾರಿಯಲ್ಲಿ ಉರುಳೆಗಳ ಅಡಿಗೆ ಸಿಕ್ಕಿ ಅರೆಯಲ್ಪಡುತ್ತವೆ. ಅಂಚಿನಲ್ಲಿ ಒಂದು ಒಡ್ಡಿನ ಬಳೆ ಇರುತ್ತದೆ. ಹುಡಿಯು ಮೇಜಿನ ಮೇಲೆ ಒಂದು ಹಾಸಿಗೆಯಂತೆ ನಿಲ್ಲಬೇಕಾದರೆ ಈ ಒಡ್ಡು ಬೇಕು. ಹಾಸಿಗೆ ತೀರ ತೆಳುವಾದರೆ ಉಕ್ಕಿಗೆ ಉಕ್ಕು ತಾಗಿ ಯಂತ್ರವೆಲ್ಲ ನಡುಗುತ್ತದೆ, ತೀರ ದಪ್ಪವಾದರೆ ಒತ್ತಡವು ಕೆಳಗಿನವರೆಗೆ ತಲಪುವುದಿಲ್ಲ. ಕೆಲವೊಮ್ಮೆ ಹಾಸಿಗೆಯನ್ನು ಹದದಲ್ಲಿಡಲು ನೀರನ್ನು ಚಿಮುಕಿಸುವುದೂ ಉಂಟು. ಅರೆಯುವ ಕಲ್ಲಿನ ಮುಂದೆ ಕುಳಿತವರು ಬೆರಳಿನಿಂದ ನೀರು ತಳಿದಂತೆ. ಯಂತ್ರವನ್ನು ನಡೆಸುವವರ ಜಾಣ್ಮೆಯೆಲ್ಲ ಈ ಹಾಸಿಗೆಯ ಹದದಲ್ಲಿದೆ.

ಒಡ್ಡನ್ನು ದಾಟಿ ಹೊರಗೆ ಬಿದ್ದ ಹುಡಿಯನ್ನು ಅಲ್ಲಿಯೇ ಕಾದಿರುವ ಗಾಳಿ ಹಿಡಿಯುತ್ತದೆ. ಮೇಜಿನ ಸುತ್ತಲೂ ಇರುವ ಸಂದುಗಳಿಂದ ಬಿಸಿಗಾಳಿಯು ರಭಸವಾಗಿ ಮೇಲಕ್ಕೆ ನುಗ್ಗುತ್ತಿರುತ್ತದೆ. ದಪ್ಪ ಚೂರುಗಳನ್ನು ಅದು ಹೊರಲಾರದು; ನುಣ್ಣನೆಯದನ್ನು ಎತ್ತಿಕೊಂಡು ಗೋಪುರದ ತುದಿಗೆ ಒಯ್ಯುತ್ತದೆ. ಅಲ್ಲಿ ಸೆಪರೇಟರ್ ಎಂಬ ಪಂಜರದಾಕಾರದ ಚಕ್ರ ತಿರುಗುತ್ತಿರುತ್ತದೆ. ಸಾಕಷ್ಟು ನುಣ್ಣಗಿರುವ ಕಣಗಳು ಮಾತ್ರ ಅದರ ಸಂದುಗಳಲ್ಲಿ ನುಸುಳಿ ಹೊರಗೆ ಹೋಗುತ್ತವೆ. ಉಳಿದವು ತಿರಸ್ಕೃತವಾಗಿ ಮತ್ತೆ ಮೇಜಿನ ನಡುವಿಗೆ ಬೀಳುತ್ತವೆ. ಕಣದಲ್ಲಿ ಭತ್ತವನ್ನು ತೂರುವವರು ಗಾಳಿಯಿಂದ ಹೊಟ್ಟನ್ನೂ ಕಾಳನ್ನೂ ಬೇರ್ಪಡಿಸುವಂತೆ ಇದು ಗಾಳಿಯಿಂದಲೇ ಜರಡಿ ಹಿಡಿಯುವ ಉಪಾಯ. ಚಕ್ರದ ವೇಗವನ್ನು ಹೆಚ್ಚಿಸಿದರೆ ಹುಡಿ ಇನ್ನೂ ನುಣುಪು, ಇಳಿಸಿದರೆ ತುಸು ದಪ್ಪ. ಯಂತ್ರವನ್ನು ನಿಲ್ಲಿಸದೆಯೇ ನುಣುಪನ್ನು ಬದಲಿಸಬಹುದು. ಬೇಕಾದಷ್ಟು ಅರೆದದ್ದು ನಿಮಿಷಗಳಲ್ಲಿ ಹೊರಗೆ ಹೋಗುವುದರಿಂದ ಪಿಷ್ಟಪೇಷಣಕ್ಕೆ ಅವಕಾಶ ಕಡಮೆ. ಅರೆಯುವುದು, ಒಣಗಿಸುವುದು, ಜರಡಿ ಹಿಡಿಯುವುದು, ಸಾಗಿಸುವುದು, ಈ ನಾಲ್ಕೂ ಒಂದೇ ಗೋಪುರದೊಳಗೆ ನಡೆಯುತ್ತವೆ. ಮಳೆಗಾಲದಲ್ಲಿ ಗಣಿಯಿಂದ ಒದ್ದೆಯಾಗಿ ಬಂದ ಕಲ್ಲೂ ಬಿಸಿಗಾಳಿಯಲ್ಲಿ ಒಣಗಿ ಹುಡಿಯಾಗುತ್ತದೆ. ಒಟ್ಟಿನಲ್ಲಿ ಅದೇ ಕೆಲಸಕ್ಕೆ ಗುಂಡುಯಂತ್ರ ಬೇಡುವ ವಿದ್ಯುತ್ತಿಗಿಂತ ನೂರಕ್ಕೆ 30 ಪಾಲಿನಷ್ಟು ಉಳಿತಾಯ ಸಾಮಾನ್ಯ.

ಈ ಬಗೆಯ ಯಂತ್ರವು ಜರ್ಮನಿಯ ಬರ್ಲಿನ್ ನಗರದಲ್ಲಿ, ಲೋಶೆ ಎಂಬ ಇಂಜಿನಿಯರನ ಹೆಸರಿನೊಡನೆ, 1920ರ ದಶಕದ ಕೊನೆಗೆ ಬಳಕೆಗೆ ಬಂದಿತು. ಅಂದು ಅದಕ್ಕೆ ಒಪ್ಪಿಸಿದ ಕೆಲಸ ವಿದ್ಯುತ್ ಸ್ಥಾವರಗಳ ಒಲೆಗಳಿಗಾಗಿ ಕಲ್ಲಿದ್ದಲನ್ನು ಅರೆಯುವುದು; ಸುಣ್ಣಕಲ್ಲು ಅನಂತರದ್ದು. ನಮ್ಮ ದೇಶದಲ್ಲಿ 1980ರ ದಶಕದಿಂದೀಚೆಗೆ ಒಣಕ್ರಮದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಏಳತೊಡಗಿದಾಗ ಸುಣ್ಣಕಲ್ಲನ್ನೂ ಕಲ್ಲಿದ್ದಲನ್ನೂ ಅರೆಯಲು ವರ್ಟಿಕಲ್ ಮಿಲ್ಲುಗಳು ಬಂದವು. ಕಲಬುರಗಿ ಸೀಮೆಯ ವಾಡಿ, ಸೇಡಂ, ಮಳಖೇಡಗಳು ಕರ್ನಾಟಕದ ಸಿಮೆಂಟಿನ ತವರು. ಕನ್ನಡ ವಿದ್ಯಾರ್ಥಿಗಳಿಗೆ ಮಳಖೇಡವೆಂದರೆ ಮಾನ್ಯಖೇಟ. ನೃಪತುಂಗನ ರಾಜಧಾನಿ, ಕವಿರಾಜಮಾರ್ಗವು ಹುಟ್ಟಿದ ಆಸ್ಥಾನ. ಶಾಸ್ತ್ರಗ್ರಂಥ ಹುಟ್ಟಿದ ಊರಿನ ಹೆಸರು ಇಂದು ಸಿಮೆಂಟಿನ ಲಾರಿಗಳೊಡನೆ ಊರೂರು ಸುತ್ತುತ್ತಿರುವುದನ್ನು ಕಂಡು ಯಾರೂ ಖೇದಪಡಬೇಕಾಗಿಲ್ಲ. ಆ ಊರಿಗೆ ಎರಡು ಸಂಪತ್ತುಗಳಿದ್ದುವು. ಒಂದು ನೆಲದ ಮೇಲಿತ್ತು, ಇನ್ನೊಂದು ಕೆಳಗಿತ್ತು.

ಸಿಮೆಂಟ್ ಕಾರ್ಖಾನೆಯ ಈ ಆನೆಯಂಥ ಯಂತ್ರವು ತೋಟದ ಹುಡಿಯನ್ನು ಮಾಡುವ ಸಣ್ಣ ಘಟಕಗಳಿಗೆ ನಿಲುಕುವಂಥದಲ್ಲ. ಅಂಥ ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಕುಲದ ಕಿರಿಯ ಬಂಧು, ರೇಮಂಡ್ ಮಿಲ್ಲು. ಅಮೆರಿಕದ ಷಿಕಾಗೋ ನಗರದಲ್ಲಿ 1887ರಲ್ಲಿ ವ್ಯವಹಾರ ಆರಂಭಿಸಿದ ರೇಮಂಡ್ ಸಹೋದರರಿಂದ ಅದಕ್ಕೆ ಆ ಹೆಸರು. ಅದರಲ್ಲಿಯೂ ಅಚ್ಚು ನೆಟ್ಟಗೆ ನಿಂತಿರುತ್ತದೆ. ಆದರೆ ಉರುಳೆಗಳು ಮೇಲಿನಿಂದ ಗಂಟೆಯ ನಾಲಗೆಯಂತೆ ಜೋತಾಡುತ್ತಿರುತ್ತವೆ. ಅಚ್ಚು ತಿರುಗಿದಾಗ, ಜಾತ್ರೆಯ ತಿರುಗುತೊಟ್ಟಿಲು ಹೊರಕ್ಕೆ ಸಿಡಿಯುವಂತೆ, ಉರುಳೆಗಳು ಹೊರಕ್ಕೆ ವಾಲಿ ಸುತ್ತಲಿನ ಉಕ್ಕಿನ ಬಳೆಗೆ ಒತ್ತಿಕೊಂಡು ಉರುಳುತ್ತವೆ. ಕೆಳಗೆ ನೇಗಿಲಿನಂಥ ಹಲಗೆಗಳು ತಳದಲ್ಲಿ ಬಿದ್ದ ಚೂರುಗಳನ್ನು ಎತ್ತಿ ಎತ್ತಿ ಉರುಳೆಗೂ ಬಳೆಗೂ ನಡುವೆ ಒಡ್ಡುತ್ತವೆ. ಮುಂದಿನದು ಯಥಾಪ್ರಕಾರ ಗಾಳಿ, ಸೆಪರೇಟರ್, ಚೀಲ. ಬಳಪದ ಕಲ್ಲು, ಜಿಪ್ಸಮ್, ಸುಣ್ಣಕಲ್ಲು, ಡೋಲೊಮೈಟುಗಳಂಥ ಮೆದು ಖನಿಜಗಳಿಗೆ ಇದು ಒಗ್ಗಿದ ಯಂತ್ರ. ಆಂಧ್ರದ ಮಂಗಂಪೇಟೆಯಲ್ಲಿ ದೊರೆಯುವ, ಎಣ್ಣೆಬಾವಿಗಳನ್ನು ಕೊರೆಯುವಾಗ ಬಳಸುವ ಭಾರವಾದ ಬೆರೈಟೀಸನ್ನು ಹುಡಿಮಾಡಲೂ ಇದು ಒದಗುತ್ತದೆ. ಬೆಣಚುಕಲ್ಲಿನಂಥ ಕಠಿನ ಪದಾರ್ಥ ಬಂದರೆ ಮಾತ್ರ ಉರುಳೆಯೂ ಬಳೆಯೂ ಬೇಗನೆ ಸವೆಯುತ್ತವೆ. ಸವೆದ ಕಬ್ಬಿಣವು ಹುಡಿಯಲ್ಲಿ ಬೆರೆತು ಬಣ್ಣ ಕೆಡಿಸುತ್ತದೆ. ಪಿಂಗಾಣಿಗೆ ಬೇಕಾದ ಬಿಳಿಯ ಬೆಣಚಿನ ಹುಡಿಗೆ ಒಳಗೆ ಕಲ್ಲಿನದೇ ಹೊದಿಕೆಯೂ ಕಲ್ಲಿನದೇ ಗುಂಡುಗಳೂ ಇರುವ ಹಳೆಯ ಗುಂಡುಯಂತ್ರವನ್ನೇ ಆಶ್ರಯಿಸುವುದು ಆ ಕಾರಣದಿಂದ.

ಹೊಸದೆಲ್ಲವೂ ಗುಣಮಯವೆಂಬ ಭ್ರಮೆ ಬೇಡ. ವರ್ಟಿಕಲ್ ಮಿಲ್ಲಿಗೆ ಮೊದಲ ಬಂಡವಾಳ ಹೆಚ್ಚು. ಅದರ ಬೀಸಣಿಗೆಗಳೇ ಸಾಕಷ್ಟು ವಿದ್ಯುತ್ತನ್ನು ಕುಡಿಯುತ್ತವೆ. ಕಲ್ಲಿನೊಡನೆ ಒಂದು ಕಬ್ಬಿಣದ ತುಂಡು ಒಳಹೊಕ್ಕರೆ ಮೇಜಿಗೂ ಉರುಳೆಗೂ ಅಪಾಯ. ಆದುದರಿಂದ ದಾರಿಯಲ್ಲಿ ಆಯಸ್ಕಾಂತವನ್ನಿಟ್ಟು ಕಾಯಬೇಕು. ಇನ್ನೊಂದು ಮಾತು: ನುಣುಪು ಹೆಚ್ಚಿದಷ್ಟೂ ಒಳ್ಳೆಯದೆಂಬುದು ಬಣ್ಣ, ಕಾಗದ, ರಬ್ಬರುಗಳ ಕಾರ್ಖಾನೆಗಳಿಗೆ ಒಪ್ಪುವ ಮಾತು, ತೋಟಕ್ಕಲ್ಲ. 60 ಕಣ್ಣಿನ ಜರಡಿಯಲ್ಲಿ ಇಳಿಯುವ ಸುಣ್ಣಕಲ್ಲಿನ ಹುಡಿ ಹುಳಿಮಣ್ಣಿಗೆ ಧಾರಾಳವಾಗಿ ಸಾಕು. 325 ಕಣ್ಣಿನದೆಂದು ಹೆಚ್ಚಿನ ಬೆಲೆಗೆ ಕೊಡುವ ಹುಡಿಯು ಮಣ್ಣಿಗೆ ಬೀಳುವ ಮೊದಲೇ ಗಾಳಿಗೆ ಹಾರಿಹೋಗುತ್ತದೆ. ತರಿಯನ್ನು ಕೊಂಡು ಮೋಸ ಹೋಗುವಂತೆಯೇ ಅನಗತ್ಯವಾದ ನುಣುಪಿಗೆ ಹಣ ತೆತ್ತು ಮೋಸ ಹೋಗುವುದೂ ಸಾಧ್ಯ.

ಹಾರುವ ಹುಡಿಯ ಮಾತು ಬಂದಾಗ ಅದನ್ನು ಉಸಿರಾಡುವವರ ಮಾತನ್ನೂ ಹೇಳಲೇಬೇಕು. ಕಲ್ಲಿನ ಹುಡಿಯಲ್ಲಿ 5 ಮೈಕ್ರಾನಿಗಿಂತ ಕಿರಿದಾದ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಮೂಗು ಗಂಟಲುಗಳು ಅವನ್ನು ತಡೆಯಲಾರವು. ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆ ಕಣಗಳು ಬೆಣಚಿನವಾದರೆ ಶ್ವಾಸಕೋಶವು ಗಾಯದ ಕಲೆಗಟ್ಟಿ ಗಡುಸಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಕೋಲಾರದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕವರಲ್ಲಿ ಈ ರೋಗವು ಕಂಡುಬಂದಿತು. ಮೈಸೂರು ಸಂಸ್ಥಾನವು 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ಹೊರಡಿಸಿತ್ತು. ಅದು ಹಿಂದಿನ ಕಾಲದ ಕಥೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳಿಂದ ಕೂಲಿಯನ್ನು ಅರಸಿ ಗುಜರಾತಿನ ಗೋಧ್ರಾ, ಬಾಲಾಸಿನೋರ್ ಕಡೆಯ ಬೆಣಚುಹುಡಿಯ ಕಾರ್ಖಾನೆಗಳಿಗೆ ಹೋದ ಆದಿವಾಸಿಗಳಲ್ಲಿ ಅನೇಕರು ಕೆಲವೇ ತಿಂಗಳುಗಳ ದುಡಿಮೆಯಲ್ಲಿ ಈ ರೋಗವನ್ನು ಹೊತ್ತುಕೊಂಡು ಊರಿಗೆ ಮರಳಿದರು. ಮಡಿದ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು 2016ರಲ್ಲಿ.

ಯಂತ್ರದ ರಚನೆಯು ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ. ಸರಿಯಾಗಿ ನಡೆಯುವ ವರ್ಟಿಕಲ್ ಮಿಲ್ಲಿನಲ್ಲಿ ಬೀಸಣಿಗೆಯು ಕೊನೆಯಲ್ಲಿ ನಿಂತು ಗಾಳಿಯನ್ನು ಎಳೆಯುತ್ತಿರುವುದರಿಂದ ಗೋಪುರದೊಳಗಿನ ಒತ್ತಡವು ಹೊರಗಿನದಕ್ಕಿಂತ ಕಡಮೆ ಇರುತ್ತದೆ. ಎಲ್ಲಿಯಾದರೂ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುವುದೇ ಹೊರತು ಒಳಗಿನ ಧೂಳು ಹೊರಗೆ ಬರುವುದಿಲ್ಲ. ಧೂಳನ್ನೆಲ್ಲ ಬಟ್ಟೆಯ ಚೀಲಗಳ ಸೋಸುಕವು ಹಿಡಿದಿಡುತ್ತದೆ. ತೆರೆದ ಯಂತ್ರಗಳಲ್ಲಿ, ಸೋಸುಬಟ್ಟೆ ಹರಿದರೂ ಬದಲಿಸದ ಘಟಕಗಳಲ್ಲಿ, ಈ ರಕ್ಷಣೆಯಿಲ್ಲ. ಮುಚ್ಚಿದ ಯಂತ್ರವಿದ್ದಲ್ಲಿಯೂ ಒಂದು ಜಾಗ ಮಾತ್ರ ಬಾಯಿ ತೆರೆದಿರುತ್ತದೆ, ಹುಡಿಯನ್ನು ಚೀಲಕ್ಕೆ ತುಂಬುವ ಜಾಗ. ಮೂಗಿಗೆ ಬರಿಯ ಕರವಸ್ತ್ರ ಕಟ್ಟಿಕೊಂಡು ಅಲ್ಲಿ ನಿಂತವರಿಗೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಪ್ರಯೋಜನವಿಲ್ಲ. ಸುಣ್ಣಕಲ್ಲು, ಡೋಲೊಮೈಟುಗಳ ಧೂಳು ಬೆಣಚಿನದಷ್ಟು ಕ್ರೂರವಲ್ಲ, ನಿಜ. ಆದರೆ ಗಣಿಯ ಕಲ್ಲು ಎಂದೂ ಶುದ್ಧವಾಗಿರುವುದಿಲ್ಲ; ಸುಣ್ಣಕಲ್ಲಿನ ಪದರಗಳಲ್ಲಿ ಬೆಣಚೂ ಸೇರಿರುತ್ತದೆ. ಹುಡಿಯು ತೋಟಕ್ಕೆ ಬಂದ ಮೇಲೆ ಅದನ್ನು ಬುಟ್ಟಿಯಿಂದ ತೆಗೆದು ಗಿಡದ ಸುತ್ತ ಎರಚುವ ಆಳುಗಳೂ ದಿನವಿಡೀ ಅದೇ ಧೂಳಿನಲ್ಲಿರುತ್ತಾರೆ. ಅವರಿಗೆ ಮುಖಗವಸನ್ನು ಕೊಡುವುದು, ಗಾಳಿ ಬೀಸುವ ಹೊತ್ತಿನಲ್ಲಿ ಈ ಕೆಲಸವನ್ನು ಮಾಡಿಸದಿರುವುದು, ಸುಟ್ಟಸುಣ್ಣವಾದರೆ ಕಣ್ಣಿಗೂ ಕೈಗೂ ರಕ್ಷಣೆ ಒದಗಿಸುವುದು ತೋಟದ ಧಣಿಗಳ ಹೊಣೆ. ಇದಕ್ಕೆ ಆಗುವ ವೆಚ್ಚ ಲಾರಿಯ ಬಾಡಿಗೆಗಿಂತ ಬಹಳ ಕಡಮೆ.

ಕೊಳ್ಳುವವರು ಮಾಡಬೇಕಾದ ಪರೀಕ್ಷೆ ಕಷ್ಟದ್ದೇನೂ ಅಲ್ಲ. 60 ಕಣ್ಣಿನದೊಂದು, 100 ಕಣ್ಣಿನದೊಂದು, ಹೀಗೆ ಎರಡು ಹಿತ್ತಾಳೆಯ ತಂತಿಯ ಜರಡಿಗಳೂ ಗ್ರಾಮುಗಳನ್ನು ತೋರಿಸುವ ಒಂದು ತಕ್ಕಡಿಯೂ ಇದ್ದರೆ ಸಾಕು. ಯಾವ ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರಾದರೂ ತಮ್ಮ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಬಹುದು. ಒಂದೇ ಚೀಲದ ಬಾಯಿಯಿಂದ ಹುಡಿ ತೆಗೆಯಬಾರದು. ಸಾಗಿಸುವಾಗಿನ ಕುಲುಕಾಟಕ್ಕೆ ನುಣ್ಣನೆಯದೂ ದಪ್ಪನೆಯದೂ ಚೀಲದೊಳಗೇ ಬೇರೆಯಾಗಿರುತ್ತವೆ. ಐದಾರು ಚೀಲಗಳ ಮೇಲು, ನಡು, ತಳಗಳಿಂದ ಹಿಡಿಹಿಡಿಯಾಗಿ ತೆಗೆದು ಬೆರೆಸಿ, ಒಣಗಿಸಿ, ಅದರಲ್ಲಿ 100 ಗ್ರಾಮನ್ನು ತೂಗಿಕೊಳ್ಳಬೇಕು. ಸುಣ್ಣಕಲ್ಲೋ ಡೋಲೊಮೈಟೋ ಆದರೆ 60 ಕಣ್ಣಿನ ಜರಡಿ, ಶಿಲಾರಂಜಕವಾದರೆ 100 ಕಣ್ಣಿನದು. ಈ ಎರಡನೆಯದರ ರಂಧ್ರವು ಸುಮಾರು 0.15 ಮಿಲಿಮೀಟರು, ಅದರ ಮೇಲೆ 10 ಗ್ರಾಮಿಗಿಂತ ಹೆಚ್ಚು ಉಳಿದರೆ ಆ ಶಿಲಾರಂಜಕವು ಸರಕಾರದ ನಿಯಮಕ್ಕೆ ಹೊಂದುವುದಿಲ್ಲ. ಹುಡಿಯು ಉತ್ತಮವೆಂದು ತಿಳಿದ ಮೇಲೂ ಸುಣ್ಣವನ್ನೂ ಶಿಲಾರಂಜಕವನ್ನೂ ಒಟ್ಟಿಗೆ ಹಾಕುವ ಆತುರ ಬೇಡ. ಶಿಲಾರಂಜಕ ಕರಗಬೇಕಾದರೆ ಮಣ್ಣಿನ ಹುಳಿ ಬೇಕು. ಸುಣ್ಣವು ಆ ಹುಳಿಯನ್ನೇ ತಣಿಸುತ್ತದೆ. ಅಮೋನಿಯಾ ಗೊಬ್ಬರಕ್ಕೂ ಸುಣ್ಣಕ್ಕೂ ನಡುವೆ ಕೆಲವು ವಾರಗಳ ಅಂತರವಿರಬೇಕು. ಇಲ್ಲವಾದರೆ ಅಮೋನಿಯಾ ಗಾಳಿಯ ಪಾಲಾಗುತ್ತದೆ. ಯಾವ ತಿಂಗಳಲ್ಲಿ ಯಾವುದನ್ನು ಎಷ್ಟು ಹಾಕಬೇಕೆಂಬುದನ್ನು ಮಣ್ಣಿನ ಪರೀಕ್ಷೆಯ ಚೀಟಿಯನ್ನು ಮುಂದಿಟ್ಟುಕೊಂಡು ಚೆಟ್ಟಳ್ಳಿಯವರನ್ನು ವಿಚಾರಿಸುವುದು ಲೇಸು. ಜರಡಿಯ ಮೇಲೆ ಉಳಿದ ತರಿಯ ತೂಕವನ್ನೂ, ಚೀಲದ ಮೇಲಿನ ಹೆಸರನ್ನೂ, ತಾರೀಖನ್ನೂ ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಲಾರಿ ಬಂದಾಗ ಅಂಗಡಿಯವರೊಡನೆ ಮಾತನಾಡಲು ಅನುಕೂಲವಾಗುತ್ತದೆ.